ಮೇಯರ್ ಕುಡಿದ ನೀರು

ಜಗ್ಗಿನ ಮೇಲೆ ಬಟ್ಟೆ ಮುಚ್ಚಿಕೊಂಡು ಸಿಸ್ಲಿ ಹಡಗುಕಟ್ಟೆ ಬೀದಿಗೆ ಇಳಿದಾಗ, ಬಾಗಿಲುಗಳಲ್ಲಿ ನಿಂತಿದ್ದ ಹೆಂಗಸರು ಮಾತು ನಿಲ್ಲಿಸಿದರು. ಒಬ್ಬಳು ಅವಳ ಕಾಲ ಬಳಿ ಉಗುಳಿದಳು. ಇದೇ ಬೀದಿಯಿಂದ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಒಂದೇ ವಾರದಲ್ಲಿ ಮಣ್ಣಿಗೆ ಕಳಿಸಿದವಳು, ಈಗ ಮೇಯರ್ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದಾಳೆ ಎಂಬುದನ್ನು ಅವರು ಕ್ಷಮಿಸಿರಲಿಲ್ಲ.

"ನಿನ್ನ ಯಜಮಾನನಿಗೆ ನಮ್ಮ ನೀರಿನ ಆಸೆ ಆಯ್ತೇನೇ?" ಎಂದಳು ಚಿಪ್ಪುಮೀನು ಮಾರುವ ಅಂಗರಾಡ್.

"ಇವತ್ತು ಕುಡೀತಾರಂತೆ," ಎಂದಳು ಸಿಸ್ಲಿ. "ಎಲ್ಲರ ಎದುರಿಗೆ."

ಪಂಪಿನ ಸುತ್ತ ಎದೆಯೆತ್ತರದ ಕಲ್ಲುಗೋಡೆ. ಅವಳು ಅದರ ಹಿಂದೆ ಬಗ್ಗಿದಳು. ಹಿಡಿ ನಾಲ್ಕೈದು ಸಲ ಕಿರುಗುಟ್ಟಿತು. ಕಲ್ಲಿನ ಮೇಲೆ ನೀರು ಚೆಲ್ಲಿದ ಸದ್ದಾಯಿತು. ಹೊರಗೆ ಬಂದಾಗ ಜಗ್ಗು ತುಂಬಿತ್ತು. ಅವಳು ಯಾರ ಮುಖವನ್ನೂ ನೋಡದೆ ಪುರಭವನದ ಕಡೆ ನಡೆದಳು.

ಮೇಯರ್ ರೈನಾಲ್ಟ್ ಪ್ರಾಸರ್ ಆ ಬೀದಿಯಲ್ಲೇ ಹುಟ್ಟಿದವನು. ಅಪ್ಪ ನೇಕಾರ. ಹನ್ನೆರಡನೇ ವಯಸ್ಸಿಗೆ ಉಣ್ಣೆಬಟ್ಟೆಯ ಗಂಟು ಬೆನ್ನಿಗೆ ಹಾಕಿಕೊಂಡು ಬೆಟ್ಟದ ಹಳ್ಳಿಗಳನ್ನು ಸುತ್ತಿದ. ಮೂವತ್ತಕ್ಕೆ ಸ್ವಂತ ಮಳಿಗೆ, ನಲವತ್ತಕ್ಕೆ ಮೂರು ಹಡಗು. ಪೋರ್ತ್‌ಮೇನ್ ಪಟ್ಟಣದ ಮೇಯರ್ ತೊಡುವ ಕೆಂಪು ನಿಲುವಂಗಿ ಮೂರನೇ ಸಲ ಅವನ ಹೆಗಲೇರಿತ್ತು. ಬಡವರ ಮಗ ಮೇಯರ್ ಆದ ಎಂದು ಮೊದಲ ಸಲ ಅವನ ಗಾಡಿಯ ಕುದುರೆ ಬಿಚ್ಚಿ ತಾವೇ ಎಳೆದಿದ್ದ ಜನ, ಈಗ ಆ ಗಾಡಿ ಕಂಡರೆ ಕಲ್ಲು ಹುಡುಕುತ್ತಿದ್ದರು.

ಕಾರಣ ಕಾಲರಾ. ಎರಡು ಬೇಸಿಗೆಯಲ್ಲಿ ಬೀದಿಯ ನೂರಾರು ಮಂದಿ ಸತ್ತರು. ಬೆಟ್ಟದಿಂದ ಕೊಳವೆಯಲ್ಲಿ ನೀರು ತರಬೇಕೆಂದು ಜನ ಕೇಳಿದರು. ಕೊಳವೆ ಹಾಕಿದರೆ ಮನೆಯೊಡೆಯರ ಮೇಲೆ ತೆರಿಗೆ ಏರಬೇಕು. ಬೀದಿಯ ಅರ್ಧ ಮನೆಗಳು ಪ್ರಾಸರನವೇ. ರೋಗ ಬರುವುದು ಕೆಟ್ಟ ಗಾಳಿಯಿಂದ, ನೀರಿನಿಂದ ಅಲ್ಲ ಎಂದು ಅವನು ಎಲ್ಲ ಸಭೆಯಲ್ಲೂ ಹೇಳಿದ. ಆ ಪಂಪಿನ ನೀರು ಕುಡಿದೇ ತಾನು ಬೆಳೆದದ್ದು ಎಂದೂ ಹೇಳುತ್ತಿದ್ದ. ಅದು ನಿಜವೇ. ಬೆಟ್ಟದ ಮೇಲೆ ಮನೆ ಕಟ್ಟಿಸಿ, ಹಿತ್ತಲಲ್ಲಿ ನೆಲದಿಂದ ಉಕ್ಕುವ ತಿಳಿನೀರಿನ ಊಟೆ ಸಿಕ್ಕಿದ ಮೇಲೆ ಮಾತ್ರ ಅದನ್ನು ಬಾಯಿಗೆ ಮುಟ್ಟಿಸಿರಲಿಲ್ಲ.

ಜನರ ದೂರು ಲಂಡನ್ನಿನ ತನಕ ಹೋಯಿತು. ವಿಚಾರಣೆಗೆ ಒಬ್ಬ ಅಧಿಕಾರಿ ಬಂದ. ಆ ದಿನ ಬೆಳಗ್ಗೆ ಪ್ರಾಸರ್ ಸಿಸ್ಲಿಯನ್ನು ಕರೆದು, ಜಗ್ಗಿಗೆ ನಮ್ಮ ಊಟೆಯ ನೀರು ತುಂಬು ಎಂದ. ಬೀದಿಯವರ ಕಣ್ಣಿಗೆ ಬೀಳುವ ಹಾಗೆ ಪಂಪಿನ ತನಕ ಹೋಗಿ ಬಾ; ಯಾರಾದರೂ ಕೇಳಿದರೆ ಪಂಪಿನದೇ ಅನ್ನು. ಅವಳು ತಲೆಯಾಡಿಸಿದಳು. ಒಂದೂವರೆ ವರ್ಷದಿಂದ ಅವಳು ಎಲ್ಲದಕ್ಕೂ ತಲೆಯಾಡಿಸಿದವಳೇ. ಅವಳು ಎಲ್ಲಿಂದ ಬಂದವಳು, ಮಕ್ಕಳುಮರಿ ಇದ್ದಾರೆಯೇ ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ.

ಪುರಭವನ ಕಿಕ್ಕಿರಿದಿತ್ತು. ಅವನು ಎದ್ದಾಗ ಹಿಂದಿನ ಸಾಲಿನವರು ಕಾಲು ಬಡಿದರು. ಅವನು ಹೆದರಲಿಲ್ಲ. ಲೋಟ ಮೇಲೆತ್ತಿ, ಇದು ಹಡಗುಕಟ್ಟೆ ಪಂಪಿನ ನೀರು ಎಂದು ಬೈಬಲ್ ಮುಟ್ಟಿ ಹೇಳಿ, ಒಂದೇ ಗುಟುಕಿಗೆ ಕುಡಿದ. ಇನ್ನೊಂದು ಲೋಟ ತುಂಬಿಸಿ ಅದನ್ನೂ ಕುಡಿದ.

"ನಿನ್ನ ಹಿತ್ತಲಿನ ನೀರು ರುಚಿಯಾಗಿದ್ಯಾ?" ಎಂದು ಯಾರೋ ಕೂಗಿದರು. ಸಭೆ ಗೊಳ್ಳೆಂದಿತು.

ಅಧಿಕಾರಿ ನಗಲಿಲ್ಲ. ನೀರು ತಂದವರು ಯಾರು ಎಂದು ಕೇಳಿದ. ಸಿಸ್ಲಿಯನ್ನು ಮುಂದೆ ಕರೆದರು. ಅವನಿಗೆ ಊರಿನ ಮಾತಾದ ವೆಲ್ಷ್ ಬಾರದು, ಅವಳಿಗೆ ಇಂಗ್ಲಿಷ್ ಬಾರದು. ನಡುವೆ ಶಾಲೆಯ ಮೇಷ್ಟ್ರು ನಿಂತರು. ಈ ನೀರು ಎಲ್ಲಿಯದು ಎಂಬುದು ಪ್ರಶ್ನೆ.

ಅವಳು ಅಧಿಕಾರಿಯ ಕಡೆ ನೋಡಲಿಲ್ಲ. ಪ್ರಾಸರನನ್ನೇ ನೋಡಿದಳು.

"ಪಂಪಿನದೇ, ಯಜಮಾನ್ರೆ. ನನ್ನ ನೆಸ್ಟ್‌ಗೂ ಬೆಟ್ಸನ್‌ಗೂ ಕೊನೇಸಲ ಕುಡಿಸಿದ್ದೂ ಆ ಪಂಪಿನ ನೀರೇ."

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಪ್ರಾಸರನಿಗೆ ಅರ್ಥವಾಗಿತ್ತು. ನೆಸ್ಟ್ ಯಾರು ಎಂದು ಅವನು ಮೆಲ್ಲಗೆ ಕೇಳಿದ. ನನ್ನ ಮಕ್ಕಳು ಎಂದಳು ಅವಳು. ದೊಡ್ಡವಳಿಗೆ ಒಂಬತ್ತು, ಚಿಕ್ಕವಳಿಗೆ ಆರು.

ಅವನು ಮೇಜು ಹಿಡಿದುಕೊಂಡ. ಆಮೇಲೆ, ಇಡೀ ಊರಿನ ಎದುರು, ಎರಡು ಬೆರಳು ಗಂಟಲಿಗೆ ತುರುಕಿಕೊಂಡು ಕೆಂಪು ನಿಲುವಂಗಿಯ ಮೇಲೆಯೇ ಕಾರಿಕೊಂಡ. ಮತ್ತೆ ತುರುಕಿಕೊಂಡ. ವೈದ್ಯರನ್ನು ಕರೆಯಿರಿ ಎಂದು ಗೋಗರೆದ.

"ಊಟೆ ನೀರು ತಾ ಅಂದಿದ್ದೆನಲ್ಲೇ, ಪಾಪಿ! ನನ್ನನ್ನ ಕೊಂದುಬಿಟ್ಟೆ."

ಅವನು ಹೇಳಿದ್ದೇನು ಎಂದು ಅಧಿಕಾರಿ ಕೇಳಿದ. ಎರಡು ಬೇಸಿಗೆಯಲ್ಲಿ ಅರ್ಧ ತರಗತಿಯನ್ನು ಹೂತು ಬಂದಿದ್ದ ಮೇಷ್ಟ್ರು, ಒಂದು ಪದವೂ ಬಿಡದೆ, ನಿಧಾನವಾಗಿ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದರು.

ಅದೇ ವಾರ ಪ್ರಾಸರ್ ನಿಲುವಂಗಿ ಕಳಚಿ ಊರು ಬಿಟ್ಟ. ಗಾಡಿಯ ಮೇಲೆ ಕಲ್ಲುಗಳು ಬಿದ್ದವು. ಅವನಿಗೆ ಕಾಲರಾ ಬರಲಿಲ್ಲ. ದೇವರು ಅವನನ್ನು ನರಕಕ್ಕೂ ಬೇಡವೆಂದ ಎಂದು ಬೀದಿಯವರು ಆಡಿಕೊಂಡರು. ಮರುವರ್ಷ ಕೊಳವೆ ಬಂತು.

ನಲ್ಲಿಯಲ್ಲಿ ಮೊದಲ ನೀರು ಹರಿದ ದಿನ ಅಂಗರಾಡ್ ಸಿಸ್ಲಿಯ ಪಕ್ಕದಲ್ಲಿ ಬಂದು ನಿಂತಳು. ಅಂದು ಉಗುಳಿದ್ದವಳೂ ಸೇರಿ ಯಾರಿಗೂ ಈಗ ಅವಳ ಮುಖ ನೋಡುವ ಧೈರ್ಯವಿರಲಿಲ್ಲ.

"ಅವನು ಕೆಟ್ಟವನೇ ಕಣೇ," ಎಂದಳು ಅಂಗರಾಡ್. "ಆದ್ರೂ ಗೊತ್ತಿದ್ದೂ ಗೊತ್ತಿದ್ದೂ ಆ ನೀರನ್ನ ಒಬ್ಬ ಮನುಷ್ಯನಿಗೆ ಕುಡಿಸೋಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತು?"

"ಎಲ್ಲಿ ಬಂತು? ಕೊಟ್ಟಿದ್ದು ಊಟೆ ನೀರೇ," ಎಂದಳು ಸಿಸ್ಲಿ. "ಅವರು ಹೇಳಿಕೊಟ್ಟ ಸುಳ್ಳನ್ನೇ ಹೇಳಿದೆ. ಅಷ್ಟು ದೊಡ್ಡ ಸಭೆಯಲ್ಲಿ ಅದನ್ನ ನಂಬಿದ್ದು ಅವರೊಬ್ಬರೇ."