ಚಿಗರಿಗೆ ಓಡಬೇಕು

ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಕೋತಿ ಕಂಡದ್ದೇ ತಡ, ನಾಯಿ ಚಿಗರಿ ತಾರಸಿಯ ಗಿಡ್ಡ ಗೋಡೆಗೆ ನೆಗೆಯಿತು. ಸರಪಳಿ ಹಿಡಿದಿದ್ದ ವಿಜಯಾ ಮೊಣಕಾಲೂರಿ ಬಿದ್ದಳು. ನಾಯಿಯ ಮುಂಗಾಲುಗಳು ಆಗಲೇ ಗೋಡೆಯಾಚೆ ಇದ್ದವು. ಮೂರು ಅಂತಸ್ತು ಕೆಳಗೆ, ಉತ್ತರ ಭಾರತದ ಆ ಊರಿನ ಬಂಗಾಲಿ ಟೋಲಾ ಕೇರಿಯ ಕಲ್ಲುಹಾಸಿನ ಗಲ್ಲಿ. "ಶರಣ್ಯಾ, ಹಿಡ್ಕೋ!" ಮಗಳು ಓಡಿಬಂದು ಅದರ ಸೊಂಟಕ್ಕೆ ಜೋತುಬಿದ್ದಳು. ಇಬ್ಬರೂ ಜಗ್ಗಿ ಜಗ್ಗಿ ಅದನ್ನು ಒಳಗೆಳೆದುಕೊಂಡರು.

ಕೆಲಸ ಬಿಟ್ಟು ಊರಿಗೆ ಹೊರಟಿದ್ದ ವಿಜಯಾಳ ಸಹೋದ್ಯೋಗಿ ಗುರುಪ್ರಕಾಶ ತನ್ನ ಮುಧೋಳ ಬೇಟೆನಾಯಿಯನ್ನು ಒಂದು ವಾರದ ಮಟ್ಟಿಗೆ ಇಲ್ಲಿ ಬಿಟ್ಟಿದ್ದ. "ನಿಮ್ಮನಿಗೆ ಹೊಂದಿದ್ರ ಇಟ್ಕೊಳ್ರಿ, ಇಲ್ಲಾಂದ್ರ ನಮ್ಮ ಹೊಲಕ್ಕ ಒಯ್ತೀನಿ," ಎಂದಿದ್ದ. ಅಂದಿನಿಂದ ಅದು ಎರಡು ಕೋಣೆಗಳಲ್ಲಿ ಗೋಡೆಯಿಂದ ಗೋಡೆಗೆ ಅಲೆಯುತ್ತಲೇ ಇತ್ತು. ಅದು ಹರಿದ ದಿಂಬುಗಳನ್ನು ವಿಜಯಾ ಸದ್ದಿಲ್ಲದೆ ಹೊಲಿದಿಟ್ಟಿದ್ದಳು. ಮಗಳಿಗಿಂತ ತನಗೇ ಅದರ ಆಸೆ ಹೆಚ್ಚೆಂದು ಯಾರಿಗೂ ಹೇಳಿರಲಿಲ್ಲ.

ಈಗ ಅವಳ ತೋಳಿನೊಳಗೆ ಅದರ ಎದೆ ದಡದಡ ಬಡಿದುಕೊಳ್ಳುತ್ತಿತ್ತು. ಕಣ್ಣು ಮಾತ್ರ ಇನ್ನೂ ಕೋತಿಯ ಮೇಲೆ. "ಪಾಪ, ಹೆದರಿಬಿಟ್ಟಿದೆ. ಗೋಡೆಗೆ ಜಾಲರಿ ಹಾಕಿಸೋಣ," ಎಂದಳು ವಿಜಯಾ.

"ಡರಾ ನಹೀ ಹೈ, ಅಮ್ಮಾ. ಹೆದರಿಲ್ಲ, ಅದಕ್ಕೆ ಓಡ್ಬೇಕು. ನಾವು ಎಲ್ಲಿ ಓಡಿಸ್ತೀವಿ?"

ವಿಜಯಾ ಸುತ್ತ ನೋಡಿದಳು. ತಾರಸಿಗೆ ತಾರಸಿ ಅಂಟಿಕೊಂಡಿತ್ತು, ನಡುವೆ ತಂತಿಗಳ ಗೋಜಲು. ನಾಯಿಯನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು. ಶರಣ್ಯಾ ಕಣ್ಣೊರೆಸಿಕೊಳ್ಳುತ್ತಲೇ ಅಮ್ಮನ ಮೊಬೈಲ್ ಎತ್ತಿಕೊಂಡು ಗುರುಪ್ರಕಾಶನಿಗೆ ಫೋನ್ ಮಾಡಿದಳು.

"ಅಂಕಲ್, ಚಿಗರೀನ ಊರಿಗೆ ಕರ್ಕೊಂಡು ಹೋಗಿ. ಅಮ್ಮಂಗೆ ಬಾಯ್ಬಿಟ್ಟು ಹೇಳೋಕಾಗ್ತಿಲ್ಲ, ಅದಕ್ಕೆ ನಾನೇ ಹೇಳ್ತಿದೀನಿ."