ವಿದಾಯ ಹೇಳಲು ಹೋದವಳು

ಬ್ಯಾಂಕಿನ ಗುಮಾಸ್ತೆ ಮೆರಿಯೆಲ್ ಕತ್ತರಿಯ ಬಾಯಿ ತೆರೆದು, ಹಳೆಯ ಗೆಳತಿ ಗ್ಲೆನಿಸಳ ಬ್ಯಾಂಕ್ ಕಾರ್ಡನ್ನು ಅದರ ನಡುವೆ ಹಿಡಿದಿದ್ದಳು.

"ತಡಿ!" ಗ್ಲೆನಿಸ್ ಮೇಜಿನ ಮೇಲಿಂದ ಕೈಚಾಚಿ ಅವಳ ಮಣಿಕಟ್ಟು ಹಿಡಿದಳು.

"ಖಾತೆ ಮುಚ್ಚು ಅಂದಿದ್ದು ನೀನೇ ತಾನೆ?"

ಹೌದು. ಸ್ವಾನ್ಸಿ ಊರಿನ ಈ ಶಾಖೆಯಲ್ಲಿ ಇಪ್ಪತ್ತೊಂಬತ್ತು ವರ್ಷದ ಖಾತೆ. ಹೇಳದೆ ಕೇಳದೆ ಬೇರೆ ಬ್ಯಾಂಕಿಗೆ ಹೋಗುವುದು ಮರ್ಯಾದೆಯಲ್ಲವೆಂದು ತಾನೇ ಮುಚ್ಚಿಸಲು ಬಂದಿದ್ದಳು. ಖಾತೆ ಬದಲಿಸಿದರೆ ಹೊಸ ಬ್ಯಾಂಕು ನೂರ ಎಪ್ಪತ್ತೈದು ಪೌಂಡ್ ಬೋನಸ್ ಕೊಡುತ್ತಿತ್ತು. ಅದರ ಷರತ್ತುಗಳ ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿ, ಒಂದೊಂದಕ್ಕೂ ಹಟದಿಂದ ಗುರುತು ಹಾಕುತ್ತ ಬಂದಿದ್ದಳು. ಕತ್ತರಿ ಕಂಡಾಗಲೇ ಕೊನೆಯ ಸಾಲು ನೆನಪಾದದ್ದು: ಹಳೆಯ ಖಾತೆಯನ್ನು ಹೊಸ ಬ್ಯಾಂಕೇ ಮುಚ್ಚಿಸಬೇಕು, ನೀವೇ ಮುಚ್ಚಿದರೆ ಬೋನಸ್ ಇಲ್ಲ.

"ನಾನೇ ಮುಚ್ಚಿಸಿದ್ರೆ ಹೊಸ ಬ್ಯಾಂಕಿನ ಬೋನಸ್ ಸಿಗಲ್ಲ. ಆ ದುಡ್ಡು ಬರದಿದ್ರೆ ಹೊಸ ವಾಷಿಂಗ್ ಮಷೀನ್ ಇಲ್ಲ, ಮೆರಿಯೆಲ್. ಮೂರು ವಾರದಿಂದ ಸ್ನಾನದ ತೊಟ್ಟೀಲಿ ಬಟ್ಟೆ ಒಗೀತಿದೀನಿ. ಹೇಳಿ ಹೋಗೋದು ಮರ್ಯಾದೆ ಅಂತ ಬಂದೆ. ಬೇಜಾರು ಮಾಡ್ಕೋಬೇಡ, ನಾನು ಹೇಳದೇನೇ ಹೋಗ್ತೀನಿ." ಅವಳು ಹಿಡಿತ ಸಡಿಲಿಸಲಿಲ್ಲ.

ಮೆರಿಯೆಲ್ ಅತ್ತಿತ್ತ ನೋಡಿ, ಕತ್ತರಿ ಕೆಳಗಿಟ್ಟು, ಕಾರ್ಡನ್ನು ಅವಳತ್ತ ಸರಿಸಿದಳು.

"ನಿನ್ನ ಮರ್ಯಾದೆಗಿಷ್ಟು ಬೆಂಕಿ ಹಾಕ! ಹೋದ ತಿಂಗಳು ನಾನೂ ನನ್ನ ಖಾತೇನ ಆ ಬ್ಯಾಂಕಿಗೇ ಬದಲಾಯಿಸ್ದೆ ಕಣೇ, ಇದೇ ಕುರ್ಚೀಲಿ ಕೂತ್ಕೊಂಡು. ಯಾರಿಗಾದ್ರೂ ಹೇಳಿದ್ನಾ?"