ಕೋಳಿಗಳಿಗೆ ತಂದ ಕಲ್ಲುಬಟ್ಟಲು

ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಮೊಮ್ಮಗಳು ಶಾಲೆಯ ಪ್ರಾಜೆಕ್ಟಿಗೆಂದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಿನ ಪುರಾತನ ಕೆಥೆಡ್ರಲ್ ಚರ್ಚನ್ನು ಜೇಡಿಮಣ್ಣಿನಲ್ಲಿ ಮಾಡುತ್ತಾ, "ಅಜ್ಜಾ, ಇದು ಹಾಳಾದ ಮೇಲೆ ಊರಿನವರೇ ಕಲ್ಲು ತಗೊಂಡು ಹೋಗಿ ಮನೆ ಕಟ್ಟಿದ್ರಂತೆ. ಯಾರೂ ಬೈಲಿಲ್ವಾ?" ಎಂದಾಗ, ಆ ಒದ್ದೆ ಮಣ್ಣಿನ ವಾಸನೆಗೆ ನನ್ನ ಅಜ್ಜಿ ನೆನಪಾದಳು.

ನಾನು ಹುಡುಗನಾಗಿದ್ದಾಗ ಉಡುಪಿಯ ಹತ್ತಿರದ ನಮ್ಮೂರಿನಲ್ಲಿ ಹೊಸ ಚರ್ಚಿಗಾಗಿ ಹಳೆಯದನ್ನು ಕೆಡವಿದ್ದರು. ಬೇಕಾದವರು ಕಲ್ಲು ಒಯ್ಯಬಹುದೆಂದು ಪಾದ್ರಿಗಳೇ ಹೇಳಿದ್ದರು. ಎಲ್ಲರೂ ಕೆಂಪುಕಲ್ಲು ಸಾಗಿಸುತ್ತಿದ್ದಾಗ ನಾನು ಒಳಗೆ ಹೋಗುವವರು ಬೆರಳದ್ದುತ್ತಿದ್ದ, ಬಾಗಿಲ ಬಳಿಯ ತೀರ್ಥದ ಕಲ್ಲುಬಟ್ಟಲನ್ನು ಗೋಣಿಯಲ್ಲಿ ಎಳೆದು ತಂದು, ಅಂಗಳದಲ್ಲಿ ಕೋಳಿಗಳಿಗೆ ಅದರಲ್ಲಿ ನೀರಿಟ್ಟೆ. ಎಷ್ಟೋ ತಲೆಮಾರಿನ ಬೆರಳು ತಾಗಿ ಅದರ ಅಂಚು ಸಾಬೂನಿನಂತೆ ನುಣುಪಾಗಿತ್ತು. ಚೆಲ್ಲಿದ ನೀರಿಗೆ ಸುತ್ತಲಿನ ಮಣ್ಣು ಘಮ್ಮೆನ್ನುತ್ತಿತ್ತು.

ಮಧ್ಯಾಹ್ನ ಹೊರಗೆ ಬಂದ ಅಜ್ಜಿ ನಿಂತುಬಿಟ್ಟಳು.

"ಇದ್ರಲ್ಲಿ ಬೆರಳದ್ದಿಯೇ ನಾನು ಮದುವೆಗೆ ಒಳಗೆ ಹೋದದ್ದು ಮಗಾ. ನಿನ್ನ ಅಜ್ಜನ ಶವದ ಪೆಟ್ಟಿಗೆ ತಂದಾಗಲೂ ಇದನ್ನೇ ಮುಟ್ಟಿದ್ದು. ವಾಪಸ್ ಕೊಟ್ಟು ಬಾ."

"ಅಲ್ಲಿಗೆ ಹೊಸತು ಸಿಮೆಂಟಿನದ್ದು ಬರ್ತದಂತೆ. ಇದು ಯಾರಿಗೆ ಬೇಕು?" ಎಂದೆ.

ಅವಳು ಬೈಯಲಿಲ್ಲ. ಹುಂಜವನ್ನು ಓಡಿಸಿ, ಕುಕ್ಕರಗಾಲಿನಲ್ಲಿ ಕೂತು, ಆ ನೀರಿನಲ್ಲೇ ಬೆರಳದ್ದಿ ಶಿಲುಬೆಯ ಗುರುತು ಮಾಡಿಕೊಂಡಳು. ನಾನು ಬಿದ್ದು ಬಿದ್ದು ನಕ್ಕೆ.

"ಅಜ್ಜೀ, ಅದು ಕೋಳಿಯ ಎಂಜಲು ಮಾರಾಯ್ತಿ!"

"ಇರ್ಲಿ, ನೀನೂ ಬಾ ಇಲ್ಲಿ," ಎಂದು ಒದ್ದೆ ಹೆಬ್ಬೆರಳಿನಿಂದ ನನ್ನ ಹಣೆಯ ಮೇಲೂ ಶಿಲುಬೆ ಬರೆದಳು.

ನಾನು ಅವಳ ಎದುರಿಗೇ ಅಂಗಿಯ ತೋಳಿನಿಂದ ಅದನ್ನು ಒರೆಸಿಕೊಂಡೆ.